ಮರಳಿ ಬಂದ ಪಾರ್ಸೆಲಿನ ಲೆಕ್ಕ

ಆನ್‌ಲೈನ್ ಚಿಲ್ಲರೆ ವ್ಯಾಪಾರದ ಬಗ್ಗೆ ನಡೆಯುವ ಚರ್ಚೆ ಬಹುಮಟ್ಟಿಗೆ ಸರಕು ಎಷ್ಟು ಬೇಗ ಮನೆ ಮುಟ್ಟುತ್ತದೆ ಎಂಬುದರ ಸುತ್ತಲೇ ನಡೆಯುತ್ತದೆ. ಎರಡು ದಿನದಲ್ಲಿ, ಮರುದಿನವೇ, ಈಗ ಕೆಲವೇ ನಿಮಿಷಗಳಲ್ಲಿ ಎಂಬ ಭರವಸೆಗಳು ಜಾಹೀರಾತುಗಳನ್ನು ತುಂಬಿವೆ. ಆದರೆ ಈ ವ್ಯಾಪಾರದಲ್ಲಿ ಲಾಭ ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮುಂದಕ್ಕೆ ಹೋಗುವ ಸರಕೊಂದೇ ಅಲ್ಲ. ಬಟ್ಟೆ, ಚಪ್ಪಲಿ, ಅಲಂಕಾರದ ಒಡವೆಯಂಥ ವಸ್ತುಗಳಲ್ಲಿ ಅದಕ್ಕಿಂತ ಹೆಚ್ಚಾಗಿ ಹಿಂದಕ್ಕೆ ಬರುವ ಸರಕೇ ಅದನ್ನು ತೀರ್ಮಾನಿಸುತ್ತದೆ. ತಯಾರಕನಿಂದ ಹೊರಟ ವಸ್ತು ಗೋದಾಮು, ಲಾರಿ, ವಿಂಗಡಣೆ ಕೇಂದ್ರ, ಬಟವಾಡೆ ಕೇಂದ್ರಗಳನ್ನು ದಾಟಿ ಗ್ರಾಹಕನ ಕೈ ಸೇರುವವರೆಗಿನ ಕೊಂಡಿಗಳನ್ನೆಲ್ಲ ಒಟ್ಟಾಗಿ ಪೂರೈಕೆ ಸರಪಳಿ ಎಂದು ಕರೆದರೆ, ಅದೇ ದಾರಿಯಲ್ಲಿ ಸರಕನ್ನು ತಿರುಗಿ ತರುವ ಕೆಲಸಕ್ಕೆ ಈ ರಂಗದವರು ರಿವರ್ಸ್ ಲಾಜಿಸ್ಟಿಕ್ಸ್ ಎನ್ನುತ್ತಾರೆ. ಭಾರತದಲ್ಲಿ ಈ ವಾಪಸು ದಾರಿಯ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಬಿಡಿಸುತ್ತ ಹೋದರೆ, ವಾಪಸಾತಿಯ ನಿಯಮ ಮಾಡುವವರು ಒಬ್ಬರು, ಅದರ ಖರ್ಚು ಹೊರುವವರು ಇನ್ನೊಬ್ಬರು ಎಂಬ ಏರ್ಪಾಡು ಕಣ್ಣಿಗೆ ಬೀಳುತ್ತದೆ.

ಇದು ಪೂರ್ತಿ ಹೊಸ ಸಮಸ್ಯೆಯೇನಲ್ಲ. ಭಾರತದ ಅಂಚೆ ಇಲಾಖೆ 1877ರಲ್ಲೇ ವ್ಯಾಲ್ಯೂ ಪೇಯಬಲ್ ಪೋಸ್ಟ್ ಎಂಬ ವ್ಯವಸ್ಥೆಯನ್ನು ಆರಂಭಿಸಿತ್ತು. ಜನರ ಬಾಯಲ್ಲಿ ಅದು ವಿ.ಪಿ.ಪಿ. ಎಂದೇ ಬಳಕೆಯಾಯಿತು. ದೂರದ ಊರಿನ ಗ್ರಾಹಕ ಕಾಗದ ಬರೆದು ಸರಕು ತರಿಸಿಕೊಳ್ಳುವುದು, ಅಂಚೆಯವನು ಬಾಗಿಲಲ್ಲಿ ಹಣ ಪಡೆದು ಕಟ್ಟನ್ನು ಕೊಡುವುದು, ಆ ಹಣ ಮನಿಯಾರ್ಡರಿನ ರೂಪದಲ್ಲಿ ಕಳುಹಿಸಿದವನಿಗೆ ತಲುಪುವುದು ಅದರ ಕ್ರಮ. ಪುಸ್ತಕ ಪ್ರಕಾಶಕರು, ಔಷಧ ಮಾರುವವರು, ಬೀಜದ ವ್ಯಾಪಾರಿಗಳು ದಶಕಗಳ ಕಾಲ ಈ ದಾರಿಯಿಂದಲೇ ಹಳ್ಳಿಗಳನ್ನು ಮುಟ್ಟಿದರು. ವಿಳಾಸದಾರ ಹಣ ಕೊಡಲು ಒಪ್ಪದಿದ್ದರೆ ಕಟ್ಟು ವಾಪಸು ಬರುತ್ತಿತ್ತು, ಅಂಚೆ ವೆಚ್ಚ ಕಳುಹಿಸಿದವನ ಪಾಲಿಗೆ ನಷ್ಟವಾಗುತ್ತಿತ್ತು. ಆದರೆ ವಿ.ಪಿ.ಪಿ. ಮೂಲಕ ಕಳುಹಿಸಬೇಕೇ, ಮುಂಗಡ ಕೇಳಬೇಕೇ, ಹಿಂದೊಮ್ಮೆ ಕಟ್ಟನ್ನು ನಿರಾಕರಿಸಿದವರಿಗೆ ಮತ್ತೆ ಕಳುಹಿಸಬೇಕೇ ಎಂಬುದೆಲ್ಲ ಕಳುಹಿಸುವವನ ನಿರ್ಧಾರವಾಗಿತ್ತು. ಅಪಾಯವೂ ಅವನದೇ, ವಿವೇಚನೆಯೂ ಅವನದೇ. ಇಂದಿನ ವ್ಯವಸ್ಥೆಯಲ್ಲಿ ಬದಲಾಗಿರುವುದು ಮುಖ್ಯವಾಗಿ ಈ ಎರಡನೆಯ ಅಂಶ.

2007ರಲ್ಲಿ ಬೆಂಗಳೂರಿನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಪುಸ್ತಕ ಮಾರಾಟಕ್ಕೆಂದು ಆರಂಭಿಸಿದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ, ಅಂದರೆ ಸರಕು ಕೈಸೇರಿದ ಮೇಲೆ ಹಣ ಕೊಡುವ ಸೌಲಭ್ಯವನ್ನು ಜಾರಿಗೆ ತಂದಿತು. ಕ್ರೆಡಿಟ್ ಕಾರ್ಡ್ ಹೊಂದಿದವರು ಬೆರಳೆಣಿಕೆಯಷ್ಟಿದ್ದ, ಕಾಣದ ಅಂಗಡಿಗೆ ಮುಂಗಡ ಹಣ ಕೊಡಲು ಜನ ಹಿಂಜರಿಯುತ್ತಿದ್ದ ಸಮಾಜದಲ್ಲಿ ಈ ಸೌಲಭ್ಯವಿಲ್ಲದೆ ಆನ್‌ಲೈನ್ ವ್ಯಾಪಾರ ಇಷ್ಟು ಬೆಳೆಯುತ್ತಿರಲಿಲ್ಲ ಎಂಬುದು ನಿಜ. ಆದರೆ ಹಣ ಕೊಡದೆ ಆರ್ಡರ್ ಮಾಡುವ ಅವಕಾಶ ಸಿಕ್ಕಾಗ, ಆರ್ಡರ್ ಎಂಬುದು ಖರೀದಿಯ ತೀರ್ಮಾನವಾಗಿ ಉಳಿಯದೆ ಖರೀದಿಯ ಯೋಚನೆಯಷ್ಟೇ ಆಗುವ ಸಾಧ್ಯತೆಯೂ ಬೆಳೆಯಿತು. ಯುಪಿಐ ಬಂದು ಹಣ ಪಾವತಿ ಸುಲಭವಾದ ಮೇಲೂ ಸಣ್ಣ ಪಟ್ಟಣಗಳಲ್ಲಿ ಈ ರೂಢಿ ಗಟ್ಟಿಯಾಗಿ ನಿಂತಿದೆ.

ಸರಕು ಎರಡು ಬಗೆಯಲ್ಲಿ ಹಿಂದಿರುಗುತ್ತದೆ. ಗ್ರಾಹಕನ ಕೈಸೇರಿ, ಬಿಚ್ಚಿ ನೋಡಿದ ಮೇಲೆ ಅಳತೆ ಸರಿಯಿಲ್ಲವೆಂದೋ ಬಣ್ಣ ಒಪ್ಪಲಿಲ್ಲವೆಂದೋ ಮರಳಿಸುವುದು ಒಂದು ಬಗೆ. ಇದು ಗ್ರಾಹಕ ರಿಟರ್ನ್. ಗ್ರಾಹಕನ ಕೈಸೇರದೆಯೇ ಮರಳುವುದು ಇನ್ನೊಂದು ಬಗೆ. ಇದಕ್ಕೆ ಆರ್‌ಟಿಒ, ಅಂದರೆ ರಿಟರ್ನ್ ಟು ಒರಿಜಿನ್ ಎಂದು ಹೆಸರು. ಎರಡನೆಯ ಬಗೆಯ ಹಾದಿಯನ್ನು ಹತ್ತಿರದಿಂದ ನೋಡಬೇಕು. ಇಳಕಲ್ಲಿನ ವ್ಯಾಪಾರಿಯೊಬ್ಬ ಕಟ್ಟಿಕೊಟ್ಟ ಸೀರೆಯ ಪಾರ್ಸೆಲನ್ನು ಕೊರಿಯರಿನವರು ಸಂಜೆ ಎತ್ತಿಕೊಂಡು ಹೋಗುತ್ತಾರೆ; ಅದು ಹತ್ತಿರದ ಕೇಂದ್ರದಲ್ಲಿ ಚೀಲ ಸೇರಿ, ದೊಡ್ಡ ವಿಂಗಡಣೆ ಕೇಂದ್ರದಲ್ಲಿ ಪಿನ್‌ಕೋಡಿಗೆ ತಕ್ಕಂತೆ ಬೇರ್ಪಟ್ಟು, ದೂರದೂರಿನ ಲಾರಿ ಹತ್ತಿ, ಕೊನೆಯ ಬಟವಾಡೆ ಕೇಂದ್ರದಲ್ಲಿ ಇಳಿಯುತ್ತದೆ. ಬೈಕಿನವನು ಫೋನ್ ಮಾಡಿದಾಗ ಆ ಕಡೆಯವರು ಎತ್ತುವುದಿಲ್ಲ, ಅಥವಾ ಊರಲ್ಲಿಲ್ಲ ಎನ್ನುತ್ತಾರೆ, ಅಥವಾ ಬೇಡವೆನ್ನುತ್ತಾರೆ. ಸಾಮಾನ್ಯವಾಗಿ ಮೂರು ಸಲ ಪ್ರಯತ್ನಿಸಿದ ಮೇಲೆ ಪಾರ್ಸೆಲ್ ಬಂದ ದಾರಿಯಲ್ಲೇ ಮರಳುತ್ತದೆ. ಮುಂದಕ್ಕೆ ಹೋಗುವಾಗ ಇದ್ದ ಅವಸರ ಹಿಂದಕ್ಕೆ ಬರುವಾಗ ಯಾರಿಗೂ ಇರುವುದಿಲ್ಲ. ಲಾರಿಯಲ್ಲಿ ಜಾಗ ಉಳಿದರೆ ಮಾತ್ರ ಅದಕ್ಕೆ ಸ್ಥಾನ. ಗೌರಿ ಹಬ್ಬಕ್ಕೆಂದು ಹೊರಟ ಸೀರೆ ಹಬ್ಬ ಮುಗಿದ ಮೇಲೆ ಮನೆಗೆ ಬರುತ್ತದೆ, ಅಷ್ಟೂ ದಿನ ಅದರಲ್ಲಿ ಹೂಡಿದ ಬಂಡವಾಳ ಲಾರಿ ಮತ್ತು ಗೋದಾಮುಗಳಲ್ಲಿ ಸಿಕ್ಕಿಕೊಂಡಿರುತ್ತದೆ.

ಇದರ ಹೊಡೆತವನ್ನು ಅರಿಯಲು ಒಂದು ಅಂದಾಜು ಲೆಕ್ಕ ಸಾಕು. ಸೀರೆಯೊಂದರ ಮಾರಾಟ ಬೆಲೆ 900 ರೂಪಾಯಿ, ಅದರ ಅಸಲು 650, ಕವರು ಮತ್ತು ಪೆಟ್ಟಿಗೆಗೆ 20, ಸಾಗಣೆಗೆ 80, ಕಮಿಷನ್ ಹಾಗೂ ಇತರ ಶುಲ್ಕ 70 ಎಂದಿಟ್ಟುಕೊಂಡರೆ ಮಾರಾಟಗಾರನಿಗೆ ಉಳಿಯುವುದು 80 ರೂಪಾಯಿ. ಅದೇ ಸೀರೆ ಮರಳಿದರೆ ಹೋಗುವ ಸಾಗಣೆ 80, ಬರುವ ಸಾಗಣೆ 90, ಪ್ಯಾಕಿಂಗ್ 20 ಸೇರಿ 190 ರೂಪಾಯಿ ಕೈಬಿಡುತ್ತದೆ. ಅಂದರೆ ಒಂದು ವಾಪಸಾತಿ ಎರಡಕ್ಕಿಂತ ಹೆಚ್ಚು ಮಾರಾಟಗಳ ಲಾಭವನ್ನು ನುಂಗುತ್ತದೆ. ಹತ್ತು ಸೀರೆಗಳಲ್ಲಿ ಮೂರು ಮರಳಿದರೆ ಏಳರ ಲಾಭ 560, ಮೂರರ ನಷ್ಟ 570. ಏಳು ಸೀರೆ ಮಾರಿದ ಮೇಲೂ ಹತ್ತು ರೂಪಾಯಿ ಸಾಲ. ಮರಳಿದ ಸೀರೆ ಘಳಿಗೆ ಮುರಿದು, ಅತ್ತರಿನ ವಾಸನೆಯೋ ಕುಂಕುಮದ ಕಲೆಯೋ ಹತ್ತಿ ಬಂದಿದ್ದರೆ ಅಸಲಿಗೂ ಕುತ್ತು. ತನ್ನದೇ ಜಾಲತಾಣದಿಂದ ಮಾರುವವನು ಎರಡೂ ಬದಿಯ ಸಾಗಣೆಯನ್ನು ಪೂರ್ತಿಯಾಗಿ ಕಟ್ಟುತ್ತಾನೆ. ದೊಡ್ಡ ಮಾರಾಟ ವೇದಿಕೆಗಳಲ್ಲಿ ಒಪ್ಪಂದಕ್ಕೆ ತಕ್ಕಂತೆ ಲೆಕ್ಕ ಬೇರೆಯಾಗುತ್ತದೆ, ಕೈಸೇರದೆ ಮರಳಿದ ಪಾರ್ಸೆಲಿಗೆ ಶುಲ್ಕ ಬಿಟ್ಟು ಗ್ರಾಹಕ ರಿಟರ್ನ್‌ಗೆ ಮಾತ್ರ ವಸೂಲಿ ಮಾಡುವ ಕ್ರಮವೂ ಇದೆ. ಹಾಗೆ ಬಿಟ್ಟ ಶುಲ್ಕವೂ ಸಾಗಣೆ ದರದಲ್ಲೋ ಜಾಹೀರಾತು ಶುಲ್ಕದಲ್ಲೋ ಸೇರಿಕೊಂಡು ಬರದೆ ಇರದು.

ಸಾಗಣೆ ದರದಲ್ಲೇ ಇನ್ನೊಂದು ತೊಡಕಿದೆ. ಕೊರಿಯರ್ ಸಂಸ್ಥೆಗಳು ಪಾರ್ಸೆಲಿನ ನಿಜವಾದ ತೂಕ ಮತ್ತು ಗಾತ್ರದಿಂದ ಲೆಕ್ಕ ಹಾಕಿದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ವಿಧಿಸುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ರೂಢಿಯಲ್ಲಿರುವ ಸೂತ್ರ. ಬಂದ ಉತ್ತರ ಕಿಲೋಗ್ರಾಂ. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಆಟಿಕೆಗಳ ಒಂದು ಜೋಡಣೆ ಎಂಟು ನೂರು ಗ್ರಾಂ ತೂಗಬಹುದು. ಒಡೆಯದಂತೆ, ಬಣ್ಣ ಉಜ್ಜಿಹೋಗದಂತೆ ಅದನ್ನು 40, 30, 20 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿಟ್ಟರೆ ಕೊರಿಯರಿನ ಲೆಕ್ಕದಲ್ಲಿ ಅದು 4.8 ಕಿಲೋ. ಮಡಿಸಿಟ್ಟ ಬಟ್ಟೆಗೆ ಇಲ್ಲದ ಈ ದಂಡ ಟೊಳ್ಳು, ಉಬ್ಬು, ನಾಜೂಕು ಇರುವ ಕೈಕೆಲಸದ ಎಲ್ಲ ವಸ್ತುಗಳಿಗೂ ತಗಲುತ್ತದೆ, ಮರಳಿ ಬರುವಾಗ ಮತ್ತೊಮ್ಮೆ ತಗಲುತ್ತದೆ. ಕರಕುಶಲ ವಸ್ತುಗಳನ್ನು ಆನ್‌ಲೈನ್‌ಗೆ ತಂದರೆ ಕುಶಲಕರ್ಮಿಯ ಬದುಕು ತಾನಾಗಿ ಸುಧಾರಿಸುತ್ತದೆ ಎಂದು ಸುಲಭವಾಗಿ ಹೇಳುವವರು ಈ ಒಂದು ಭಾಗಾಕಾರವನ್ನು ಮಾಡಿ ನೋಡಬೇಕು.

ಹೊಣೆ ಮಾರಾಟಗಾರನ ಮೇಲೇ ಬೀಳುವುದೇಕೆ

ಇದಕ್ಕೆ ಉತ್ತರ ವ್ಯಾಪಾರದಲ್ಲಿರುವುದಕ್ಕಿಂತ ಹೆಚ್ಚಾಗಿ ಕಾನೂನಿನಲ್ಲಿದೆ. ಸರಕನ್ನು ತಾನೇ ಕೊಂಡು ದಾಸ್ತಾನು ಮಾಡಿ ಮಾರುವುದು ಒಂದು ಮಾದರಿ. ಅನ್ಯರು ಮಾರುವುದಕ್ಕೆ ಜಾಗ, ತಂತ್ರಾಂಶ, ಸಾಗಣೆ ಒದಗಿಸಿ ಶುಲ್ಕ ಪಡೆಯುವುದು ಇನ್ನೊಂದು. ಎರಡನೆಯದು ಮಾರುಕಟ್ಟೆ ಮಾದರಿ. ವಿದೇಶಿ ಬಂಡವಾಳ ದೇಶದ ಸಣ್ಣ ಅಂಗಡಿಗಳನ್ನು ನೇರವಾಗಿ ಎದುರಿಸಬಾರದೆಂಬ ಉದ್ದೇಶದಿಂದ ಕೇಂದ್ರ ಸರ್ಕಾರ 2016ರಲ್ಲಿ, ಮಾರುಕಟ್ಟೆ ಮಾದರಿಗೆ ಮಾತ್ರ ಶೇ 100 ವಿದೇಶಿ ನೇರ ಹೂಡಿಕೆಯ ಅನುಮತಿ ಇದೆ, ದಾಸ್ತಾನು ಮಾದರಿಗೆ ಇಲ್ಲ ಎಂದು ಸ್ಪಷ್ಟಪಡಿಸಿತು. 2018ರ ಡಿಸೆಂಬರಿನಲ್ಲಿ ಹೊರಡಿಸಿ 2019ರ ಫೆಬ್ರುವರಿ 1ರಿಂದ ಜಾರಿಗೆ ತಂದ ಸೂಚನೆ ಇದನ್ನು ಇನ್ನಷ್ಟು ಬಿಗಿಗೊಳಿಸಿತು: ಮಾರಾಟಗಾರನೊಬ್ಬ ತನ್ನ ಖರೀದಿಯ ಶೇ 25ಕ್ಕಿಂತ ಹೆಚ್ಚು ಭಾಗವನ್ನು ವೇದಿಕೆಯಿಂದ ಅಥವಾ ಅದರ ಸಮೂಹದ ಕಂಪನಿಗಳಿಂದ ಮಾಡಿದರೆ, ಅವನ ದಾಸ್ತಾನು ವೇದಿಕೆಯ ಹಿಡಿತದಲ್ಲಿದೆ ಎಂದೇ ಭಾವಿಸಲಾಗುತ್ತದೆ. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ 16 ಶತಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟಿನ ಶೇ 77ರಷ್ಟು ಪಾಲನ್ನು ಕೊಂಡಿತು, 2013ರಿಂದ ಅಮೆಜಾನ್ ಇಲ್ಲಿ ವ್ಯಾಪಾರ ನಡೆಸುತ್ತಿದೆ. ಇಬ್ಬರಿಗೂ ಈ ನಿಯಮ ಅನ್ವಯಿಸುತ್ತದೆ.

ನಿಯಮದ ಉದ್ದೇಶ ಸಣ್ಣ ವ್ಯಾಪಾರಿಯ ರಕ್ಷಣೆ. ಅದರ ಅಡ್ಡಪರಿಣಾಮ ಮಾತ್ರ ಸಣ್ಣ ವ್ಯಾಪಾರಿಯ ಮೇಲೆಯೇ ತಿರುಗಿದೆ. ವೇದಿಕೆ ಸರಕಿನ ಒಡೆಯನಲ್ಲ ಎಂದ ಮೇಲೆ ಸರಕು ಕೆಟ್ಟರೆ, ಕಳೆದರೆ, ಮರಳಿದರೆ ಅದರ ನಷ್ಟ ತಾತ್ವಿಕವಾಗಿ ಒಡೆಯನದೇ ಆಗುತ್ತದೆ. ಆದರೆ ಎಷ್ಟು ದಿನದೊಳಗೆ ಮರಳಿಸಬಹುದು, ಯಾವ ಕಾರಣ ಸಾಕು, ಯಾವ ಗ್ರಾಹಕನಿಗೆ ಕ್ಯಾಶ್ ಆನ್ ಡೆಲಿವರಿ ಕೊಡಬೇಕು, ಯಾವ ಕೊರಿಯರ್ ಒಯ್ಯಬೇಕು ಎಂಬುದನ್ನೆಲ್ಲ ಬಹುಪಾಲು ನಿರ್ಧರಿಸುವುದು ವೇದಿಕೆ. ಸುಲಭ ವಾಪಸಾತಿ ಎಂಬ ಜಾಹೀರಾತಿನಿಂದ ಗ್ರಾಹಕರನ್ನು ಸೆಳೆದ ಕೀರ್ತಿ ಮತ್ತು ಲಾಭ ವೇದಿಕೆಗೆ ಸಲ್ಲುತ್ತದೆ, ಅದರ ಬಿಲ್ಲು ಮಾರಾಟಗಾರನಿಗೆ ಹೋಗುತ್ತದೆ. ವಿ.ಪಿ.ಪಿ. ಕಾಲದ ಪ್ರಕಾಶಕನಿಗಿದ್ದ ವಿವೇಚನೆ ಇಂದಿನ ಮಾರಾಟಗಾರನಿಗಿಲ್ಲ.

ಸರಕಿನ ಒಡೆತನ ಮತ್ತು ಸರಕಿನ ಜಾಗ ಬೇರೆಬೇರೆಯಾದಾಗ ಹುಟ್ಟುವ ಗೊಂದಲವನ್ನು ಕರ್ನಾಟಕ ಮೊದಲೇ ಕಂಡಿತ್ತು. 2014ರಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ, ಬೆಂಗಳೂರಿನ ಹೊರವಲಯದ ಅಮೆಜಾನ್ ಗೋದಾಮಿನಲ್ಲಿ ಸರಕು ಇಟ್ಟು ಮಾರುತ್ತಿದ್ದ ವ್ಯಾಪಾರಿಗಳ ನೋಂದಣಿಯ ಬಗ್ಗೆ ತಕರಾರು ಎತ್ತಿತು. ಗೋದಾಮು ನಡೆಸಿ, ಸರಕು ಕಟ್ಟಿ, ಕಳುಹಿಸಿ, ಹಣ ಪಡೆಯುವ ಕಂಪನಿಯೇ ವ್ಯಾಪಾರಿಯಂತೆ ತೆರಿಗೆಗೆ ಹೊಣೆಯಾಗಬೇಕಲ್ಲವೇ ಎಂಬುದು ಇಲಾಖೆಯ ವಾದದ ತಿರುಳು. ತಾನು ಸೇವೆ ಒದಗಿಸುವವನು ಮಾತ್ರ ಎಂಬುದು ಕಂಪನಿಯ ನಿಲುವು. ನಡುವೆ ಸಿಕ್ಕಿ ತೊಂದರೆಪಟ್ಟವರು ಸಣ್ಣ ಮಾರಾಟಗಾರರು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಗಡಿಯ ತಪಾಸಣಾ ಠಾಣೆಗಳು ತೆರವಾದವು, ಲಾರಿಗಳ ಓಡಾಟ ಸಲೀಸಾಯಿತು. ಅದೇ ಹೊತ್ತಿಗೆ ಮಾರಾಟಗಾರನ ಬರವಣಿಗೆಯ ಕೆಲಸ ಹೆಚ್ಚಿತು. ಸರಕು ಮಾರುವ ಊರ ಅಂಗಡಿಗೆ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿಯ ವಿನಾಯಿತಿ ಇದ್ದರೂ ಆನ್‌ಲೈನ್ ಮಾರಾಟಗಾರ ಮೊದಲ ರೂಪಾಯಿಯಿಂದಲೇ ನೋಂದಣಿ ಪಡೆಯಬೇಕಿತ್ತು. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗಿನ ಮಾರಾಟಕ್ಕಷ್ಟೇ ಇದು ಸಡಿಲವಾಯಿತು. ಹೊರರಾಜ್ಯದ ಗೋದಾಮಿನಲ್ಲಿ ಸರಕು ಇಡಬೇಕೆಂದರೆ ಆ ರಾಜ್ಯದಲ್ಲೂ ನೋಂದಣಿ ಬೇಕು. ಇದಲ್ಲದೆ ವೇದಿಕೆಗಳು ಮಾರಾಟಗಾರನಿಗೆ ಕೊಡುವ ಹಣದಲ್ಲಿ ಜಿಎಸ್‌ಟಿಯ ಬಾಬ್ತಿಗೆ ಶೇ 0.5, ಆದಾಯ ತೆರಿಗೆಯ ಬಾಬ್ತಿಗೆ ಶೇ 0.1 ಮುರಿದುಕೊಳ್ಳುತ್ತವೆ, 2024ರವರೆಗೆ ಇವೆರಡೂ ಶೇ 1ರಷ್ಟಿದ್ದವು. ಪ್ರತಿ ವಾಪಸಾತಿಯೂ ಈ ಲೆಕ್ಕಗಳಲ್ಲೆಲ್ಲ ಒಂದು ತಿದ್ದುಪಡಿಯನ್ನು ಬೇಡುತ್ತದೆ.

ವಿಳಾಸ, ರಸ್ತೆ, ಬೈಕು

ಪಾರ್ಸೆಲ್ ಮರಳುವುದಕ್ಕೆ ಗ್ರಾಹಕನ ಮನಸ್ಸೊಂದೇ ಕಾರಣವಲ್ಲ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರಂಕಿಯ ಪಿನ್‌ಕೋಡ್ ಇಂದಿಗೂ ಇಡೀ ಆನ್‌ಲೈನ್ ವ್ಯಾಪಾರದ ಬೆನ್ನೆಲುಬು. ಇಳಕಲ್ಲಿನ 587125ರಲ್ಲಿ ಮೊದಲ ಅಂಕಿ ದಕ್ಷಿಣದ ವಲಯವನ್ನು, ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆಯನ್ನು, ಕೊನೆಯ ಮೂರು ಬಟವಾಡೆಯ ಅಂಚೆ ಕಚೇರಿಯನ್ನು ಸೂಚಿಸುತ್ತವೆ. ಅಂಚೆ ಕಚೇರಿಯವರೆಗೆ ದಾರಿ ತೋರಿಸಲೆಂದೇ ರೂಪಿಸಿದ ಸಂಖ್ಯೆಯಿದು. ಅಲ್ಲಿಂದ ಮನೆಯವರೆಗಿನ ದಾರಿ ಅಂಚೆಯಣ್ಣನ ನೆನಪಿನಲ್ಲಿತ್ತು. ಹನುಮಪ್ಪನ ಗುಡಿಯ ಹಿಂದೆ, ಹಳೇ ಗಿರಣಿಯ ಎದುರು ಎಂಬ ವಿಳಾಸ ಅವನಿಗೆ ಸಾಕಿತ್ತು, ತಿಂಗಳಿಗೊಮ್ಮೆ ಬದಲಾಗುವ ಕೊರಿಯರ್ ಹುಡುಗನಿಗೆ ಸಾಲದು. ಅಂಚೆ ಇಲಾಖೆ ಐಐಟಿ ಹೈದರಾಬಾದ್ ಮತ್ತು ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರಗಳ ಜತೆಗೂಡಿ 2025ರಲ್ಲಿ ಬಿಡುಗಡೆ ಮಾಡಿದ ಡಿಜಿಪಿನ್, ದೇಶವನ್ನು ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಹತ್ತು ಅಕ್ಷರ-ಅಂಕಿಗಳ ಗುರುತು ಕೊಡುತ್ತದೆ. ಇದು ಬಳಕೆಗೆ ಹತ್ತಿದರೆ ವಿಳಾಸ ಸಿಗದೆ ಮರಳುವ ಪಾರ್ಸೆಲುಗಳಾದರೂ ಕಡಿಮೆಯಾದಾವು.

ಮಳೆಗಾಲದ ರಸ್ತೆಯೂ ಸರಪಳಿಯ ಒಂದು ಕೊಂಡಿಯೇ. ಬೆಂಗಳೂರಿನ ಸುತ್ತಲಿನ ಗೋದಾಮುಗಳಿಂದ ಮಂಗಳೂರಿಗೆ ಹೋಗುವ ಮುಖ್ಯ ದಾರಿಯಾದ ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಸಂಚಾರ ನಿಂತರೆ, ಚಾರ್ಮಾಡಿ, ಸಂಪಾಜೆಗಳತ್ತ ಹೊರಳಬೇಕು; ಚಾರ್ಮಾಡಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿದೆ. ಸರಕು ತಡವಾಗುತ್ತದೆ, ತಡವಾದ ಸರಕನ್ನು ನಿರಾಕರಿಸುವವರು ಹೆಚ್ಚಾಗುತ್ತಾರೆ. ಘಾಟಿ ಕುಸಿದದ್ದರಲ್ಲಿ ಕಳುಹಿಸಿದವನ ತಪ್ಪೇನೂ ಇಲ್ಲದಿದ್ದರೂ ವಾಪಸಾತಿ ಅವನ ಖಾತೆಯಲ್ಲೇ ದಾಖಲಾಗಿ, ಅವನ ಅಂಗಡಿಯ ಅಂಕವನ್ನು ತಗ್ಗಿಸಿ, ಹುಡುಕಿದಾಗ ಅವನ ಸರಕು ಪಟ್ಟಿಯ ಕೆಳಗೆ ಸರಿಯುವಂತಾಗುತ್ತದೆ.

ಬಾಗಿಲವರೆಗೆ ಹೋಗಿ ಬರಿಗೈಲಿ ಮರಳುವ ಬಟವಾಡೆ ಕಾರ್ಮಿಕನ ನಷ್ಟವನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಲುಪಿಸಿದ ಪಾರ್ಸೆಲಿಗೆ ಇಷ್ಟು ಎಂದು ಕೂಲಿ ಪಡೆಯುವವನಿಗೆ ತಲುಪದ ಪಾರ್ಸೆಲ್ ಎಂದರೆ ಸ್ವಂತ ಪೆಟ್ರೋಲು ಸುಟ್ಟು ಮಾಡಿದ ಬಿಟ್ಟಿ ಕೆಲಸ. ಈ ಒತ್ತಡದಲ್ಲೇ, ಹೋಗದ ಮನೆಗೆ ಹೋದೆನೆಂದು, ಗ್ರಾಹಕರು ಸಿಗಲಿಲ್ಲವೆಂದು ಆ್ಯಪ್‌ನಲ್ಲಿ ಗುರುತು ಹಾಕುವ ರೂಢಿಯೂ ಹುಟ್ಟಿಕೊಂಡಿದೆ. ಅದನ್ನು ಕಾರ್ಮಿಕನ ಸೋಮಾರಿತನ ಎಂದು ತಳ್ಳಿಹಾಕುವುದು ಅನ್ಯಾಯ. ಕೂಲಿಯ ಸ್ವರೂಪವೇ ಅದನ್ನು ಹುಟ್ಟಿಸುತ್ತದೆ. ಈ ವಿಷಯದಲ್ಲಿ ಕರ್ನಾಟಕ 2025ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ಬಳಿಕ ಶಾಸನವಾಗಿ ತಂದ ವೇದಿಕೆ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಗಮನಾರ್ಹ. ಕಾರ್ಮಿಕನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ ಶೇ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯಲು, ಕಾರ್ಮಿಕರಿಗೆಂದೇ ಮಂಡಳಿ ರಚಿಸಲು ಅದು ಅವಕಾಶ ಕೊಟ್ಟಿದೆ, ಕೆಲಸದಿಂದ ತೆಗೆಯುವ ಮುನ್ನ ನೋಟಿಸು ಕೊಡಬೇಕೆಂದಿದೆ. ವಿಫಲ ಬಟವಾಡೆಯ ಕೂಲಿಯ ಪ್ರಶ್ನೆಯನ್ನು ಎತ್ತಬಲ್ಲ ಜಾಗವೊಂದು ರಾಜ್ಯದ ಕಾರ್ಮಿಕರಿಗೆ ಇದರಿಂದ ಸಿಕ್ಕಿದೆ.

ಗ್ರಾಹಕನ ಹಕ್ಕು, ಮಾರಾಟಗಾರನ ವಿಡಿಯೊ

ಗ್ರಾಹಕನಿಗೆ ಸರಕು ಮರಳಿಸುವ ಹಕ್ಕು ಇರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಮುಟ್ಟಿ ನೋಡದೆ ಕೊಂಡವನಿಗೆ ಬೇರೆ ರಕ್ಷಣೆ ಇಲ್ಲ. ಐರೋಪ್ಯ ಒಕ್ಕೂಟದಲ್ಲಿ ಆನ್‌ಲೈನ್ ಖರೀದಿಯನ್ನು ಕಾರಣ ಹೇಳದೆಯೇ ಹದಿನಾಲ್ಕು ದಿನದೊಳಗೆ ರದ್ದು ಮಾಡುವ ಹಕ್ಕು ಕಾನೂನಿನಲ್ಲೇ ಇದೆ. ಭಾರತದ 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಅಷ್ಟು ದೂರ ಹೋಗಿಲ್ಲ. ದೋಷವಿರುವ, ನಕಲಿಯಾದ, ವಿವರಣೆಗೆ ಹೊಂದದ, ಹೇಳಿದ ದಿನಕ್ಕಿಂತ ತಡವಾಗಿ ಬಂದ ಸರಕನ್ನು ವಾಪಸು ಪಡೆಯಲು ಮಾರಾಟಗಾರ ನಿರಾಕರಿಸಬಾರದು ಎಂದಷ್ಟೇ ಹೇಳುತ್ತವೆ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು ಒಂದು ತಿಂಗಳೊಳಗೆ ಬಗೆಹರಿಸಬೇಕೆಂಬ ಕಟ್ಟಳೆಯೂ ಇದೆ. ಅಂದರೆ ಮನಸ್ಸು ಬದಲಾಯಿತೆಂಬ ಕಾರಣಕ್ಕೆ ಸಿಗುವ ವಾಪಸಾತಿ ಭಾರತದಲ್ಲಿ ಕಾನೂನು ಕೊಟ್ಟ ಹಕ್ಕಲ್ಲ, ಪೈಪೋಟಿಯಲ್ಲಿ ವೇದಿಕೆಗಳು ಕೊಟ್ಟ ಕೊಡುಗೆ. ಕೊಡುಗೆ ಕೊಟ್ಟವರೇ ಅದರ ವೆಚ್ಚದಲ್ಲಿ ಪಾಲು ಹೊರಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ.

ಮೋಸದ ವಾಪಸಾತಿಯೂ ಇದೆ. ಹೊಸ ಶೂ ತರಿಸಿ ಹಳೆಯದನ್ನು ಪೆಟ್ಟಿಗೆಗೆ ಹಾಕಿ ಮರಳಿಸುವುದು, ಮದುವೆಗೆ ಉಟ್ಟು ಮರುದಿನ ಹಿಂದಿರುಗಿಸುವುದು ಮಾರಾಟಗಾರರಿಗೆ ಪರಿಚಿತ ಸಂಗತಿಗಳು. ಅದಕ್ಕೇ ಇಂದು ಪುಟ್ಟ ಮಾರಾಟಗಾರನ ಪ್ಯಾಕಿಂಗ್ ಮೇಜಿನ ಮೇಲೆಯೂ ಕ್ಯಾಮೆರಾ ಒಂದು ಇರುತ್ತದೆ: ಸರಕು, ಬಾರ್‌ಕೋಡ್, ಮುದ್ರೆ ಹಾಕುವ ಕ್ಷಣ ಇಷ್ಟೂ ಒಂದೇ ಓಟದಲ್ಲಿ ದಾಖಲಾಗಬೇಕು. ಮರಳಿದ ಪೆಟ್ಟಿಗೆಯನ್ನು ಬಿಚ್ಚುವಾಗಲೂ ಅದೇ ಕ್ರಮ. ಗೊತ್ತುಪಡಿಸಿದ ದಿನಗಳೊಳಗೆ ಈ ಸಾಕ್ಷ್ಯ ಸಲ್ಲಿಸಿದರೆ ಮಾತ್ರ ಪರಿಹಾರದ ಅರ್ಜಿ ಪರಿಶೀಲನೆಗೆ ಹೋಗುತ್ತದೆ. ಹಬ್ಬದ ಮಾರಾಟದ ವಾರಗಳಲ್ಲಿ ಇದು ಇಬ್ಬರು-ಮೂವರು ಸೇರಿ ನಡೆಸುವ ಮನೆ ವ್ಯಾಪಾರದ ಶಕ್ತಿಗೆ ಮೀರಿದ ಕೆಲಸ. ಅಂಥ ಹಬ್ಬದ ಮಾರಾಟದ ಒತ್ತಡ ಏನೆಂಬುದು 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ನಡೆಸಿದ ಮೊದಲ ಬಿಗ್ ಬಿಲಿಯನ್ ಡೇಯಲ್ಲೇ ಬಯಲಾಗಿತ್ತು; ಜಾಲತಾಣ ಕುಸಿದು, ದಾಸ್ತಾನು ಮುಗಿದು, ಆರ್ಡರುಗಳು ರದ್ದಾಗಿ, ಮರುದಿನ ಸಂಸ್ಥಾಪಕರೇ ಗ್ರಾಹಕರ ಕ್ಷಮೆ ಕೇಳಬೇಕಾಯಿತು.

ಪರಿಹಾರವೆಂದು ಈಗ ಮುಂದಿಡುತ್ತಿರುವ ಹಲವು ಕ್ರಮಗಳು ಹೊರೆಯನ್ನು ಇಳಿಸುವ ಬದಲು ಅದರ ಜಾಗ ಬದಲಿಸುತ್ತಿವೆ. ನಗದು ಪಾವತಿಗೆ ಹೆಚ್ಚುವರಿ ಶುಲ್ಕ ಹಾಕುವುದು ಅವುಗಳಲ್ಲೊಂದು. ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯ ಹಂತದಲ್ಲಿ ಶುಲ್ಕ ಸೇರಿಸುವುದು 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪಟ್ಟಿ ಮಾಡಿದ ಹದಿಮೂರು ವಂಚಕ ವಿನ್ಯಾಸಗಳಲ್ಲಿ ಸೇರಿದೆ. 2025ರ ಅಕ್ಟೋಬರಿನಲ್ಲಿ ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಈ ನಗದು ಶುಲ್ಕದ ಬಗ್ಗೆ ತನಿಖೆ ನಡೆಯುತ್ತಿದೆ ಎಂದಿದ್ದರು. ಬಾಗಿಲಲ್ಲೇ ಪೆಟ್ಟಿಗೆ ಬಿಚ್ಚಿ ತೋರಿಸುವ ಕ್ರಮ ಬೆಲೆಬಾಳುವ ಸರಕಿಗೆ ಒಗ್ಗುತ್ತದೆ. ಮುನ್ನೂರು ರೂಪಾಯಿಯ ಕುರ್ತಾಕ್ಕೆ ಅಷ್ಟು ಹೊತ್ತು ಕಾಯುವ ಬಿಡುವು ಬೈಕಿನವನಿಗಿಲ್ಲ.

ಆಗಬೇಕಾದದ್ದು ಇನ್ನೂ ಮೂಲಭೂತವಾದದ್ದು. ವಾಪಸಾತಿಯ ಕಾರಣ ಮಾರಾಟಗಾರನದೋ, ಸಾಗಣೆಯದೋ, ಗ್ರಾಹಕನದೋ ಎಂಬ ಮಾಹಿತಿ ವೇದಿಕೆಗಳ ಬಳಿ ಪಾರ್ಸೆಲ್‌ವಾರು ಇದೆ. ಮಾರಾಟಗಾರನ ತಪ್ಪಿಲ್ಲದ ವಾಪಸಾತಿಯ ವೆಚ್ಚವನ್ನು ನಿಯಮ ರೂಪಿಸಿದ ವೇದಿಕೆಯೂ ಸರಕು ಒಯ್ದ ಸಂಸ್ಥೆಯೂ ಹಂಚಿಕೊಳ್ಳುವಂತೆ, ಯಾವ ಪಿನ್‌ಕೋಡಿಗೆ ನಗದು ಆರ್ಡರ್ ಸ್ವೀಕರಿಸಬೇಕು ಎಂಬ ಆಯ್ಕೆ ಮಾರಾಟಗಾರನ ಕೈಗೆ ಮರಳುವಂತೆ ಮಾಡಲು ತಾಂತ್ರಿಕ ಅಡ್ಡಿಯೇನೂ ಇಲ್ಲ. ಅಡ್ಡಿಯಿರುವುದು ಕಾನೂನಿನ ಮೌನದಲ್ಲಿ. 2020ರ ನಿಯಮಗಳು ಒಂದೇ ವರ್ಗದ ಮಾರಾಟಗಾರರ ನಡುವೆ ವೇದಿಕೆ ಮಾಡುವ ಭೇದವನ್ನು ಬಹಿರಂಗಪಡಿಸಬೇಕೆಂದು ಹೇಳಿ ನಿಲ್ಲುತ್ತವೆ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಪಾವತಿಸಬೇಕೆನ್ನುವ 2006ರ ಕಾಯ್ದೆ ಖರೀದಿದಾರನನ್ನು ಬಂಧಿಸುತ್ತದೆ. ವೇದಿಕೆ ಖರೀದಿದಾರನಲ್ಲವಾದ್ದರಿಂದ, ವಾಪಸಾತಿಯ ನೆಪದಲ್ಲಿ ತಡೆಹಿಡಿದ ಹಣಕ್ಕೆ ಆ ಕಾಯ್ದೆಯ ಆಸರೆ ಸಿಗುವುದು ಕಷ್ಟ. ಹೀಗಾಗಿ ಇಳಕಲ್ಲಿನ ಸೀರೆ ವ್ಯಾಪಾರಿಗಾಗಲಿ ಚನ್ನಪಟ್ಟಣದ ಆಟಿಕೆ ತಯಾರಕನಿಗಾಗಲಿ ಉಳಿಯುವುದು, ತಾನು ತಿದ್ದಲಾಗದ, ವೇದಿಕೆ ಮಾತ್ರ ಬದಲಿಸಬಹುದಾದ ಒಪ್ಪಂದವೊಂದೇ.